ಕೋಳಿ ಕಣ್ಣಿಗೆ ಒಂದು ಹನಿ

ಪ್ರಶ್ನೆ: ಮಗಳು ಪಶುವೈದ್ಯಕೀಯ ಮೂರನೇ ವರ್ಷ ಓದುತ್ತಿದ್ದಾಳೆ. ಮುಂದೆ ಬಡತನದ ಬಗ್ಗೆ ಸಂಶೋಧನೆ ಮಾಡುತ್ತಾಳಂತೆ. ದನ-ಕೋಳಿಗೆ ಲಸಿಕೆ ಹಾಕುವವರಿಗೂ ಬಡತನಕ್ಕೂ ಏನು ಸಂಬಂಧ ಸಾರ್?
– ಒಬ್ಬ ತಂದೆ, ಶಿರಸಿ

ಉತ್ತರ: ಸಂಬಂಧ ಇದೆ. ಕೋಳಿಯದೊಂದೇ ಉದಾಹರಣೆ ಸಾಕು.

ನಮ್ಮ ಕಡೆ ಕೊಕ್ಕರೆ ರೋಗ ಅನ್ನುತ್ತಾರಲ್ಲ, ಪುಸ್ತಕದ ರಾಣಿಖೇತ್ ಅಥವಾ ನ್ಯೂಕ್ಯಾಸಲ್, ಅದು ಹೊಕ್ಕರೆ ಕೆಲವೇ ದಿನಗಳಲ್ಲಿ ಗೂಡು ಖಾಲಿಯಾದೀತು. ಲಸಿಕೆ ಎಂದೋ ಬಂದಿತ್ತು. ಆದರೆ ಅದು ಫಾರಂನವರ ಲಸಿಕೆ: ಸಾವಿರ ಕೋಳಿಗಾಗುವ ಸೀಸೆ, ಇಡಲು ಫ್ರಿಜ್ಜು. ಆಫ್ರಿಕಾದ ಮೊಜಾಂಬಿಕ್‌ನ ಹಳ್ಳಿಯಲ್ಲಿ ಎಂಟು ಕೋಳಿ ಸಾಕಿದ ಹೆಂಗಸಿಗೆ ಅದು ಇದ್ದೂ ಇಲ್ಲದ ಹಾಗೆ. (ವಿದ್ಯಾರ್ಥಿಯಾಗಿದ್ದಾಗ ಕೋಳಿಯೆಂದರೆ ಫಾರಂ ಕೋಳಿ ಎಂದೇ ನಾನೂ ತಿಳಿದಿದ್ದೆ.)

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಪೀಟರ್ ಸ್ಪ್ರಾಡ್‌ಬ್ರೋ 1980ರ ದಶಕದಲ್ಲಿ ಕೈಹಾಕಿದ್ದು ಈ ತೊಡಕಿಗೇ. ರೋಗ ತಾರದ, ಸೆಕೆ ತಾಳುವ ವೈರಾಣು ತಳಿಗಳನ್ನು ಬಳಸಿದರು. ಮೊದಲು ವಿ4, ಆಮೇಲೆ ಐ-2. ಐ-2ರ ಮೂಲಬೀಜ, ಅಂದರೆ ಲಸಿಕೆ ಬೆಳೆಸಲು ಬೇಕಾದ ಮೂಲ ವೈರಾಣು, ಬಡ ದೇಶಗಳ ಪ್ರಯೋಗಾಲಯಗಳಿಗೆ ಪುಕ್ಕಟೆ ಸಿಕ್ಕಿತು. ಅಲ್ಲಲ್ಲೇ ಲಸಿಕೆ ತಯಾರಿಸಿಕೊಳ್ಳುವಂತಾಯಿತು. ಸೆಕೆ ತಾಳುತ್ತದೆಂದು ಬಿಸಿಲಲ್ಲಿಡುವಂತಿಲ್ಲ, ಅದು ಬೇರೆ ಮಾತು.

ಲಸಿಕೆಯನ್ನು ಕಾಳಿಗೆ ಸವರಿ ಚೆಲ್ಲಿದರೆ ಕೋಳಿ ಹಿಡಿಯುವ ಗೋಜೇ ಇರುವುದಿಲ್ಲ ಎಂಬ ಯೋಚನೆ ಚೆಂದವಿತ್ತು. ಮಲೇಷ್ಯಾದಲ್ಲಿ ಫಲವನ್ನೂ ಕೊಟ್ಟಿತು. ಆಫ್ರಿಕಾದ ಹಳ್ಳಿಗಳಲ್ಲಿ ಗಟ್ಟಿಯಾಗಿ ನಿಂತದ್ದು ಮಾತ್ರ ಕಣ್ಣಿಗೆ ಹಾಕುವ ಹನಿ. ನಾಲ್ಕು ತಿಂಗಳಿಗೊಮ್ಮೆ, ಒಂದೇ ಹನಿ.

ಮೊಜಾಂಬಿಕ್‌ನಲ್ಲಿ ಪಶುವೈದ್ಯೆ ರಾಬಿನ್ ಆಲ್ಡರ್ಸ್ ಮತ್ತು ಜೊತೆಯವರು ಊರಿನವರಿಗೇ ಹನಿ ಹಾಕುವುದನ್ನು ಕಲಿಸಿದರು. ಕಲಿತವರಲ್ಲಿ ಹೆಂಗಸರೂ ಇದ್ದರು. ಕೋಳಿಗಿಷ್ಟು ಎಂದು ಸ್ವಲ್ಪ ಕಾಸು ಪಡೆಯುವ ಪದ್ಧತಿಯೂ ಬಂತು. ಬಡವರಿಂದ ಕಾಸೇ ಎಂದು ನಿಮಗನ್ನಿಸಬಹುದು. ನನ್ನ ಮಟ್ಟಿಗೆ ಇಡೀ ಕೆಲಸದ ಜಾಣತನ ಇರುವುದೇ ಅಲ್ಲಿ. ಪುಕ್ಕಟೆ ಹಾಕುವ ಲಸಿಕೆ, ಯೋಜನೆಯ ಜೀಪು ಊರು ಬಿಟ್ಟ ದಿನವೇ ನಿಂತುಹೋಗುತ್ತದೆ. ನಾಲ್ಕು ಕಾಸು ಹುಟ್ಟುವುದಾದರೆ ಹನಿ ಹಾಕುವಾಕೆ ಮುಂದಿನ ಸುತ್ತಿಗೂ ಬರುತ್ತಾಳೆ. ರೋಗಕ್ಕೆ ಸಾಯದೆ ಉಳಿದ ಕೋಳಿ ಮಾರಿದರೆ ಮಗುವಿನ ಔಷಧಿಗಾಯಿತು, ಶಾಲೆಯ ಖರ್ಚಿಗಾಯಿತು. ನಾಲ್ಕು ಹೆಚ್ಚಿದ್ದರೆ ಒಂದು ಆಡು.

ಮಗಳು ರೋಗಶಾಸ್ತ್ರದ ಜೊತೆ ಒಂದಿಷ್ಟು ಅರ್ಥಶಾಸ್ತ್ರವನ್ನೂ ಓದಲಿ. ರಜೆಗೆ ಬಂದಾಗ ಊರಿನ ಹತ್ತು ಮನೆ ಸುತ್ತಿ, ಕೋಳಿ ಮಾರಿದ ದುಡ್ಡು ಯಾರ ಕೈಗೆ ಸೇರುತ್ತದೆ ಎಂದು ಕೇಳಿ ಬರೆದುಕೊಳ್ಳಲಿ. ಆ ಪಟ್ಟಿ ಹಿಡಿದು ನನ್ನ ಹತ್ತಿರ ಬಂದರೆ ಮುಂದಿನದು ಮಾತಾಡೋಣ.