ಕೆಲಸದ ಟೆನ್ಶನ್‌ನಿಂದ ಮೈಗಿ ಖರೇನೇ ಏನರ ಆಗ್ತದ?

ಟೆನ್ಶನ್ ಬರೀ ತಲ್ಯಾಗಿರ್ತದ, ಮೈಗಿ ಏನಾಗ್ತದ ಅಂತ ಕೇಳೀರಿ. ಆಗ್ತದ್ರಿ, ಭಾಳ ಆಗ್ತದ. ಸಾಹೇಬ್ರು ಬೈದ್ರ, ಟಾರ್ಗೆಟ್ ಮುಟ್ಟಲಿಲ್ಲಂದ್ರ ಮೈಯಾಗ ಅಡ್ರಿನಲಿನ್, ಕಾರ್ಟಿಸೋಲ್ ಅನ್ನೋ ಟೆನ್ಶನ್ ಹಾರ್ಮೋನು ಏರಿ ಎದಿ ಬಡಿತ, ಬಿಪಿ ಎರಡೂ ಜಾಸ್ತಿ ಆಗ್ತಾವ, ಒಂದಿನದ್ದಾದ್ರ ತಾನೇ ಇಳೀತದ ಆದ್ರ ದಿನಾ ಹಂಗೇ ಇದ್ರ ನಿದ್ದಿ ಹೋಗ್ತದ, ಹೊಟ್ಟಿ ಉರಿ, ಕುತ್ತಿಗಿ ಬಿಗಿತ, ಶುಗರ್ ಇದ್ದೋರಿಗಿ ಶುಗರ್ ಕಂಟ್ರೋಲಿಗಿ ಬರಲ್ಲ.

ಇಲ್ಲಿ ಕಲಬುರಗಿ ದಾಲ್ ಮಿಲ್ಲಿನಾಗ ಲೆಕ್ಕ ಬರಿಯೋ ನಮ್ಮ ಓಣಿಯವ್ರು ಒಬ್ರು, ತೊಗರಿ ಸೀಸನ್ ಬಂತಂದ್ರ ನಡುರಾತ್ರಿ ಎದ್ದು ಮೊಬೈಲಿನಾಗ ಲಾರಿ ಲೋಡ್ ನೋಡ್ತಾರ, ರೊಟ್ಟಿ ಅರ್ಧಕ್ಕ ಬಿಟ್ಟು ಏಳ್ತಾರ, ಮಕ್ಕಳ ಮ್ಯಾಲ ಸುಮ್ಸುಮ್ನ ಸಿಟ್ಟು. ಮನ್ಯಾಗ ಸ್ವಭಾವನೇ ಕೆಟ್ಟದು ಅಂತಾರ, ನಂಗ ಹಂಗ ಅನ್ನಸಲ್ಲ, ನಿದ್ದಿಲ್ದ ಮನಸ್ಸು ದಣದದ. ವಾರಕ್ಕ 55 ತಾಸು ಇಲ್ಲಾ ಅದಕ್ಕೂ ಹೆಚ್ಚು ದುಡಿಯೋರಿಗಿ, 35-40 ತಾಸು ದುಡಿಯೋರಿಗಿಂತ ಸ್ಟ್ರೋಕ್ ಅಪಾಯ ಸುಮಾರು 35% ಜಾಸ್ತಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಾಗ ಹೇಳ್ಯದ.

ಎದಿ ನೋವು ಬಂದ್ರ ಗ್ಯಾಸ್ ಅಂತ ಸೋಡಾ ಕುಡದು ಕೂಡಬ್ಯಾಡ್ರಿ, ಲಗೂನ ಇಸಿಜಿ ಮಾಡಿಸ್ರಿ. ಮನಸ್ಸು ಭಾಳ ಭಾರ ಆಗಿದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕ ಫೋನ್ ಹಚ್ರಿ, ಫ್ರೀ ಅದ, ಕನ್ನಡದಾಗೇ ಮಾತಾಡ್ತಾರ.