ನೀವು ಕೇಳಿದ್ದೀರಿ: ಮಕ್ಕಳ ಕೈಗೆ ಬಂದ ವೇಪ್

ಪ್ರಶ್ನೆ: ಹದಿನೈದು ವರ್ಷದ ಮಗನ ಸ್ಕೂಲ್ ಬ್ಯಾಗಿನಲ್ಲಿ ಪೆನ್‌ಡ್ರೈವ್‌ನಂಥದ್ದೊಂದು ಸಿಕ್ಕಿತು. ಹಣ್ಣಿನ ಮಿಠಾಯಿಯ ವಾಸನೆ ಬರುತ್ತಿದೆ. ಇದು ವೇಪ್, ಅಂದರೆ ಬ್ಯಾಟರಿಯಿಂದ ನಡೆಯುವ ಇ-ಸಿಗರೇಟು ಇರಬಹುದೇ? ಅವನ ಅಪ್ಪನಿಗೆ ತಿಳಿದರೆ ಹೊಡೆದುಬಿಡುತ್ತಾರೆ. ಏನು ಮಾಡಲಿ?
— ಹೆಸರು ಬೇಡ

ಉತ್ತರ: ಒಂದು ತುದಿ ತುಟಿಗಿಡಲು ಬರುವಂತೆ ಚಪ್ಪಟೆಯಾಗಿದ್ದು ಅಲ್ಲಿ ಸಣ್ಣ ತೂತಿದೆಯೇ ನೋಡಿ. ಇನ್ನೊಂದು ತುದಿಯಲ್ಲಿ ಚಾರ್ಜಿಂಗ್ ಕಿಂಡಿ ಅಥವಾ ಗಾಳಿ ಒಳಹೋಗುವ ರಂಧ್ರವೂ ಇದ್ದರೆ ಅದು ಬಹುಮಟ್ಟಿಗೆ ವೇಪೇ. ಬಾಯಿಗಿಟ್ಟು ಪರೀಕ್ಷಿಸಬೇಡಿ, ಬಿಚ್ಚಲೂ ಹೋಗಬೇಡಿ. ಒಳಗೆ ಲಿಥಿಯಂ ಬ್ಯಾಟರಿ ಇರುತ್ತದೆ. ಚುಚ್ಚಿದರೆ, ಜಜ್ಜಿದರೆ ಹೊತ್ತಿಕೊಳ್ಳುತ್ತದೆ. ಅದರೊಳಗಿನ ದ್ರವ ಕೈಗೆ ತಾಗಿದರೆ ತಕ್ಷಣ ಸೋಪು ಹಚ್ಚಿ ತೊಳೆಯಿರಿ, ಏಕೆಂದರೆ ಅದರಲ್ಲಿರುವ ನಿಕೋಟಿನ್ (ತಂಬಾಕಿನಲ್ಲಿರುವ, ಚಟ ಹಿಡಿಸುವ ಅಂಶ) ಚರ್ಮದಿಂದಲೂ ಒಳಗಿಳಿಯುತ್ತದೆ. ಮನೆಯಲ್ಲಿ ಪುಟ್ಟ ಮಗುವಿದ್ದರೆ ಇನ್ನೂ ಎಚ್ಚರ ಬೇಕು. ಸಿಹಿ ವಾಸನೆಗೆ ಮರುಳಾಗಿ ಸ್ವಲ್ಪ ಕುಡಿದರೂ ವಾಂತಿ, ಫಿಟ್ಸ್ ಬಂದು ಪ್ರಾಣಕ್ಕೇ ಅಪಾಯವಾಗಬಹುದು.

ಇನ್ನು ಮಗನ ವಿಷಯ. ಇವತ್ತು ರಾತ್ರಿಯೇ, ಸಿಟ್ಟಿನಲ್ಲೇ ಮಾತಾಡಬೇಡಿ. ಹೊಡೆತಕ್ಕೆ ಹೆದರಿದ ಮಗು ಚಟ ಬಿಡುವುದಿಲ್ಲ, ಬಚ್ಚಿಡುವುದನ್ನು ಕಲಿಯುತ್ತದೆ. ಗಂಡನಿಗೆ ಮೊದಲೇ ತಿಳಿಸಿ, ಆದರೆ ಮೊದಲ ಮಾತು ನಿಮ್ಮದೇ ಇರಲಿ ಎಂದು ಒಪ್ಪಿಸಿಕೊಳ್ಳಿ. ಮುಖಕ್ಕೆ ಮುಖ ಕೊಟ್ಟು ವಿಚಾರಣೆ ಮಾಡುವುದಕ್ಕಿಂತ ಜೊತೆಯಲ್ಲಿ ನಡೆಯುವಾಗಲೋ ಗಾಡಿಯಲ್ಲಿ ಹೋಗುವಾಗಲೋ ಕೇಳುವುದು ವಾಸಿ. "ಬ್ಯಾಗಿನಲ್ಲಿ ಇದು ಸಿಕ್ಕಿತು. ನಿನಗೆ ಏನಾಗುತ್ತಿದೆ ಅಂತ ತಿಳಿಯಬೇಕು, ಬೈಯಲ್ಲ" ಎಂದು ನೇರವಾಗಿ ಶುರು ಮಾಡಿ. ನೀವು ಮುಖ್ಯವಾಗಿ ತಿಳಿಯಬೇಕಾದದ್ದು ಎರಡು ಸಂಗತಿ. ಬೆಳಿಗ್ಗೆ ಎದ್ದು ಎಷ್ಟು ಹೊತ್ತಿಗೆ ಬೇಕೆನಿಸುತ್ತದೆ? ಅರ್ಧ ದಿನ ಸಿಗದಿದ್ದರೆ ಸಿಡುಕು, ಚಡಪಡಿಕೆ ಬರುತ್ತದೆಯೇ? ಎದ್ದ ಅರ್ಧ ಗಂಟೆಯೊಳಗೇ ಬೇಕೆನಿಸುತ್ತಿದ್ದರೆ ಅದು ಕುತೂಹಲದ ಹಂತ ದಾಟಿದೆ. ಅಲ್ಲಿಂದಾಚೆಗೆ ಉಪದೇಶ ಸಾಲದು, ವೈದ್ಯರ ನೆರವು ಬೇಕು.

ಗುಟ್ಟಾಗಿ ಮೂತ್ರ ಪರೀಕ್ಷೆ ಮಾಡಿಸುವ ಯೋಚನೆ ಬೇಡ. ಆ ಪರೀಕ್ಷೆ ನಿಕೋಟಿನ್ ಸೇರಿದೆಯೇ ಎಂದಷ್ಟೇ ಹೇಳುತ್ತದೆ, ನಿಮ್ಮಿಬ್ಬರ ನಡುವಿನ ನಂಬಿಕೆಯನ್ನು ಮಾತ್ರ ಹಾಳು ಮಾಡುತ್ತದೆ.

ಪ್ರಶ್ನೆ: ವೇಪ್‌ನಲ್ಲಿ ಇರುವುದು ನೀರಾವಿ, ನಿಕೋಟಿನ್ ಇಲ್ಲದ್ದೂ ಸಿಗುತ್ತದೆ ಅಂತ ಸ್ನೇಹಿತರು ಹೇಳುತ್ತಾರೆ. ನಿಜವೇ?
— ಪಿಯುಸಿ ವಿದ್ಯಾರ್ಥಿನಿ

ಉತ್ತರ: ಅದು ನೀರಾವಿಯಲ್ಲ. ಪ್ರೊಪಿಲೀನ್ ಗ್ಲೈಕಾಲ್ ಮತ್ತು ಗ್ಲಿಸರಿನ್‌ನಲ್ಲಿ ನಿಕೋಟಿನ್, ರುಚಿಯ ರಾಸಾಯನಿಕ ಬೆರೆಸಿರುತ್ತಾರೆ. ಹತ್ತಿಯ ಬತ್ತಿ ಈ ದ್ರವವನ್ನು ಹೀರುತ್ತದೆ, ಬತ್ತಿಗೆ ಸುತ್ತಿದ ಲೋಹದ ಕಾಯಿಲ್ ಕಾದು ಅದನ್ನು ಸೂಕ್ಷ್ಮ ಹನಿಗಳ ಮಂಜಾಗಿಸುತ್ತದೆ. ಬತ್ತಿ ಒಣಗಿದಾಗ ಕಾಯಿಲ್ ಮಿತಿಮೀರಿ ಕಾಯುತ್ತದೆ. ಆಗ ಫಾರ್ಮಾಲ್ಡಿಹೈಡ್, ಅಕ್ರೋಲೀನ್‌ನಂಥ ವಿಷಗಳು ಹುಟ್ಟುತ್ತವೆ. ಗಂಟಲಿಗೆ ಹೊಡೆಯುವ ಆ ಸೀದ ರುಚಿ ಇದರದ್ದೇ. ಕಾಯಿಲ್‌ನಿಂದ ನಿಕಲ್, ಕ್ರೋಮಿಯಂ ಕಣಗಳೂ ಮಂಜಿಗೆ ಸೇರುತ್ತವೆ. 'ನಿಕೋಟಿನ್ ಇಲ್ಲ' ಎಂದು ಬರೆದಿದ್ದ ದ್ರವಗಳಲ್ಲೂ ಪರೀಕ್ಷೆ ಮಾಡಿದಾಗ ನಿಕೋಟಿನ್ ಸಿಕ್ಕಿದ್ದುಂಟು, ಹಾಗಾಗಿ ಚೀಟಿಯನ್ನು ನಂಬಬೇಡಿ. ಸ್ನೇಹಿತರು ಕೊಡುವ ದ್ರವದಲ್ಲಿ ಏನು ಬೆರೆತಿದೆ ಎಂದು ಅವರಿಗೂ ಗೊತ್ತಿರುವುದಿಲ್ಲ. 2019ರಲ್ಲಿ ಅಮೆರಿಕದಲ್ಲಿ ವೇಪ್ ಮಾಡುತ್ತಿದ್ದವರಲ್ಲಿ ಶ್ವಾಸಕೋಶದ ತೀವ್ರ ಕಾಯಿಲೆ ಕಾಣಿಸಿಕೊಂಡು 60ಕ್ಕೂ ಹೆಚ್ಚು ಮಂದಿ ಸತ್ತರು. ಗಾಂಜಾದ ಅಂಶವಿದ್ದ ದ್ರವಕ್ಕೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಅದರ ಮುಖ್ಯ ಕಾರಣವೆಂದು ಕಂಡುಬಂತು.

ಪ್ರಶ್ನೆ: ನನಗೆ 17 ವರ್ಷ. ಒಂದು ವರ್ಷದಿಂದ ವೇಪ್ ಮಾಡುತ್ತಿದ್ದೇನೆ. ಬಿಡಬೇಕೆಂದು ಎಷ್ಟೋ ಸಲ ನಿಲ್ಲಿಸಿದೆ, ಎರಡನೇ ದಿನಕ್ಕೆ ತಲೆ ಕೆಟ್ಟು ಮತ್ತೆ ಶುರು ಮಾಡುತ್ತೇನೆ. ನನ್ನ ಮನಸ್ಸೇ ಗಟ್ಟಿ ಇಲ್ಲವೇ?

ಉತ್ತರ: ಮನಸ್ಸಿನ ದೋಷ ಅಲ್ಲಪ್ಪ. ನೀನು ಪ್ರತಿ ಸಲ ಸೋಲುತ್ತಿರುವುದು ಸರಿಯಾಗಿ ಅತಿ ಕಷ್ಟದ ಘಟ್ಟದಲ್ಲಿ. ನಿಕೋಟಿನ್ ನಿಲ್ಲಿಸಿದ ಕೆಲವೇ ಗಂಟೆಗಳಲ್ಲಿ ಚಡಪಡಿಕೆ ಶುರುವಾಗುತ್ತದೆ. ಎರಡನೇ, ಮೂರನೇ ದಿನ ಅದರ ತುದಿ. ಆಮೇಲೆ ಇಳಿಯುತ್ತ ಬಂದು ಎರಡರಿಂದ ನಾಲ್ಕು ವಾರದಲ್ಲಿ ಬಹಳಷ್ಟು ತಗ್ಗುತ್ತದೆ. ಇದು ಗೊತ್ತಿದ್ದರೆ ಮೂರನೇ ದಿನವನ್ನೇ ಗುರಿಯಾಗಿಟ್ಟುಕೊಂಡು ತಯಾರಾಗಬಹುದು.

ಈಗಿನ ವೇಪ್‌ಗಳಲ್ಲಿ ನಿಕೋಟಿನ್‌ಗೆ ಬೆಂಜೋಯಿಕ್‌ನಂಥ ಆಮ್ಲ ಬೆರೆಸಿ ಗಂಟಲು ಉರಿಯದಂತೆ ಮಾಡಿರುತ್ತಾರೆ, ಹೀಗಾಗಿ ಎಷ್ಟು ಎಳೆದೆ ಎಂಬುದೇ ತಿಳಿಯುವುದಿಲ್ಲ. ಲೆಕ್ಕ ಹಾಕಿ ನೋಡು: ಮಿ.ಲೀ.ಗೆ 20 ಮಿ.ಗ್ರಾಂ ಇರುವ 2 ಮಿ.ಲೀ. ದ್ರವದಲ್ಲಿ 40 ಮಿ.ಗ್ರಾಂ ನಿಕೋಟಿನ್. ಒಂದು ಸಿಗರೇಟಿನಿಂದ ದೇಹಕ್ಕೆ ಸೇರುವುದು ಸುಮಾರು 1ರಿಂದ 2 ಮಿ.ಗ್ರಾಂ. ಸಿಗರೇಟು ಸುಟ್ಟು ಮುಗಿಯುತ್ತದೆ, ವೇಪ್ ಜೇಬಿನಲ್ಲೇ ಇರುತ್ತದೆ.

ಮುಂದಿನ ಎರಡು ವಾರದೊಳಗೆ ಒಂದು ದಿನ ಗೊತ್ತು ಮಾಡು, ಪರೀಕ್ಷೆಯ ವಾರ ಬೇಡ. ಅದಕ್ಕೆ ಮುಂಚೆ ನಾಲ್ಕೈದು ದಿನ, ಎಳೆದಾಗಲೆಲ್ಲ ಸಮಯ, ಜಾಗ, ಜೊತೆಗಿದ್ದವರು ಯಾರು ಎಂದು ಫೋನಿನಲ್ಲಿ ಬರೆದಿಡು. ಬಸ್ಸಿಗೆ ಕಾಯುವಾಗ, ಓದು ಬೇಸರವಾದಾಗ, ಮಲಗುವ ಮುಂಚೆ, ಹೀಗೆ ಮೂರ್ನಾಲ್ಕು ಹೊತ್ತೇ ಪದೇಪದೇ ಕಾಣುತ್ತವೆ. ಆ ಪ್ರತಿಯೊಂದು ಹೊತ್ತಿಗೂ ಬೇರೆ ಏನು ಮಾಡುತ್ತೀಯೆಂದು ಮೊದಲೇ ನಿರ್ಧರಿಸು. ಗೊತ್ತು ಮಾಡಿದ ದಿನದ ಹಿಂದಿನ ರಾತ್ರಿ ವೇಪ್, ಕಾರ್ಟ್ರಿಜ್, ಚಾರ್ಜರ್ ಎಲ್ಲವೂ ಮನೆಯಿಂದ ಆಚೆ ಹೋಗಲಿ. 'ತುರ್ತಿಗೆ ಇರಲಿ' ಎಂದು ಒಂದನ್ನು ಉಳಿಸಿಕೊಂಡವರು ಅದನ್ನು ಬಳಸಿಯೇ ಬಳಸುತ್ತಾರೆ. ದೊಡ್ಡವರೊಬ್ಬರಿಗೆ ವಿಷಯ ಹೇಳು.

ಆಸೆ ಉಕ್ಕಿದಾಗ ಅದು ಸಾಮಾನ್ಯವಾಗಿ ಐದು-ಹತ್ತು ನಿಮಿಷದಲ್ಲಿ ಇಳಿಯುತ್ತದೆ. ಗಡಿಯಾರ ನೋಡಿಕೊಂಡು ಜಾಗ ಬಿಟ್ಟು ಏಳು, ತಣ್ಣೀರು ನಿಧಾನ ಕುಡಿ, ಬಾಯಿಗೆ ಸಕ್ಕರೆಯಿಲ್ಲದ ಚ್ಯೂಯಿಂಗ್ ಗಮ್ ಹಾಕು, ಚುರುಕಾಗಿ ನಡೆ. ನಿದ್ದೆ ಕೆಡುವುದು ಸಹಜ. ಸಂಜೆಯ ಕಾಫಿ ಬಿಟ್ಟರೆ ಅನುಕೂಲ. ಒಂದು ಸಲ ಎಳೆದುಬಿಟ್ಟರೆ 'ಎಲ್ಲ ಮುಗಿಯಿತು' ಎಂದುಕೊಳ್ಳಬೇಡ. ಯಾವ ಗಳಿಗೆಯಲ್ಲಿ ಜಾರಿದೆ ಎಂದು ಬರೆದಿಟ್ಟು ಅದೇ ದಿನ ಮುಂದುವರಿಸು.

ಚಟ ಬಿಡಿಸಲು ಕೊಡುವ ನಿಕೋಟಿನ್ ಗಮ್, ಪ್ಯಾಚ್ (ಚರ್ಮಕ್ಕೆ ಅಂಟಿಸುವ ಪಟ್ಟಿ) ನಿನ್ನ ವಯಸ್ಸಿಗೆ ವೈದ್ಯರು ಹೇಳಿದರೆ ಮಾತ್ರ. ಗಮ್ ಕೊಟ್ಟರೆ ಸಾಮಾನ್ಯ ಗಮ್‌ನಂತೆ ಜಗಿಯುತ್ತಲೇ ಇರಬಾರದು: ನಿಕೋಟಿನ್ ಹೊಟ್ಟೆಗಿಳಿದು ಬಿಕ್ಕಳಿಕೆ, ವಾಕರಿಕೆ ಬರುತ್ತದೆ. ನಿಧಾನ ಜಗಿದು, ಚುರುಚುರು ಎಂದಾಗ ಕೆನ್ನೆ-ವಸಡಿನ ನಡುವೆ ಒತ್ತರಿಸಿಡಬೇಕು. ಚುರುಗುಟ್ಟುವುದು ನಿಂತ ಮೇಲೆ ಮತ್ತೆ ಜಗಿಯಬೇಕು. ಕಾಫಿ, ಹಣ್ಣಿನ ರಸ ಕುಡಿದು 15 ನಿಮಿಷ ಬಿಟ್ಟು ಹಾಕಿಕೋ, ಇಲ್ಲದಿದ್ದರೆ ಬಾಯಲ್ಲಿ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಮನಸ್ಸು ತೀರಾ ಕುಗ್ಗಿದರೆ, ಬದುಕುವುದೇ ಬೇಡ ಎನಿಸಿದರೆ ಕಾಯಬೇಡ, ಅವತ್ತೇ ದೊಡ್ಡವರಿಗೆ ಹೇಳಿ ವೈದ್ಯರಲ್ಲಿಗೆ ಹೋಗು. ಉಸಿರಾಡಲು ಕಷ್ಟವಾದರೆ, ಎದೆ ನೋವು ಬಂದರೆ ನೇರ ಆಸ್ಪತ್ರೆಗೆ. ವೇಪ್ ಮಾಡುತ್ತಿದ್ದೆನೆಂದು ಅಲ್ಲಿ ಮುಚ್ಚಿಡಬೇಡ.

ಪ್ರಶ್ನೆ: ಶೌಚಾಲಯದಲ್ಲಿ ಸಿಕ್ಕಿಬಿದ್ದ ಮಕ್ಕಳನ್ನು ನಮ್ಮ ಶಾಲೆಯಲ್ಲಿ ಒಂದು ವಾರ ಮನೆಗೆ ಕಳಿಸುತ್ತೇವೆ. ವಾಪಸು ಬಂದವರು ಮತ್ತೆ ಅದನ್ನೇ ಮಾಡುತ್ತಾರೆ. ಶುರುವಾಗದಂತೆ ತಡೆಯುವುದು ಹೇಗೆ?
— ಪ್ರೌಢಶಾಲಾ ಶಿಕ್ಷಕಿ

ಉತ್ತರ: ಹಗಲೆಲ್ಲ ಯಾರೂ ಇಲ್ಲದ ಮನೆಗೆ ಕಳಿಸಿದರೆ ಆ ಮಗುವಿಗೆ ವೇಪ್ ಮಾಡಲು ಒಂದು ವಾರ ರಜೆ ಸಿಕ್ಕಂತೆ. ಅದರ ಬದಲು ಶಾಲೆಯಲ್ಲೇ ಇಟ್ಟುಕೊಂಡು, ಪೋಷಕರನ್ನು ಕರೆಸಿ, ಬಿಡುವ ಯೋಜನೆ ಮಾಡಿಸಿ, ಆಪ್ತ ಸಮಾಲೋಚಕರು ಕೆಲವು ವಾರ ವಿಚಾರಿಸುತ್ತಿರಲಿ. ಯಾರಿಂದ ಸಿಕ್ಕಿತು ಎಂಬ ವಿಚಾರಣೆಯನ್ನು ಇದರ ಜೊತೆ ಬೆರೆಸಬೇಡಿ. ಬೆರೆಸಿದರೆ ಮುಂದೆ ಯಾವ ಮಗುವೂ ನೆರವು ಕೇಳಿಕೊಂಡು ಬರುವುದಿಲ್ಲ.

ತಡೆಯುವ ಮಾತು ಹತ್ತು-ಹನ್ನೊಂದರ ವಯಸ್ಸಿಗೇ ಶುರುವಾಗಲಿ. ಸತ್ತ ಶ್ವಾಸಕೋಶದ ಚಿತ್ರ ತೋರಿಸಿದರೆ ಆ ದಿನ ಹೆದರುತ್ತಾರೆ, ವಾರದಲ್ಲಿ ಮರೆಯುತ್ತಾರೆ. 'ಎಲ್ಲರೂ ಮಾಡುತ್ತಾರೆ' ಎಂಬ ತಪ್ಪು ಲೆಕ್ಕವನ್ನು ಮೊದಲು ಒಡೆಯಿರಿ: ಮಾಡುವವರು ಕಣ್ಣಿಗೆ ಬೀಳುತ್ತಾರೆ, ಮಾಡದವರು ಬೀಳುವುದಿಲ್ಲ. ಆಮೇಲೆ ಜೋಡಿ ಮಾಡಿ ಅಭ್ಯಾಸ ಮಾಡಿಸಿ. ಒಬ್ಬ ನೀಡಬೇಕು, ಇನ್ನೊಬ್ಬ ಒಂದೇ ಸಾಲಿನಲ್ಲಿ ಬೇಡವೆನ್ನಬೇಕು: "ಬೇಡ, ನಂಗೆ ಪ್ರಾಕ್ಟೀಸ್ ಇದೆ." ಕಾರಣ ಉದ್ದವಾದಷ್ಟೂ ಎದುರಿನವನು ವಾದಕ್ಕೆ ನಿಲ್ಲುತ್ತಾನೆ. ಮೊದಲ ಸಲ ಎಲ್ಲರೂ ನಗುತ್ತಾರೆ. ಮೂರು-ನಾಲ್ಕು ಸಲ ಆದ ಮೇಲೆ ಮಾತು ತಾನಾಗಿ ಬರುತ್ತದೆ.

ವಶಪಡಿಸಿಕೊಂಡ ವೇಪ್‌ಗಳನ್ನು ಮೇಜಿನ ಡ್ರಾಯರ್‌ನಲ್ಲಿ ರಾಶಿ ಹಾಕಬೇಡಿ, ಮಾಮೂಲಿ ಕಸಕ್ಕೂ ಎಸೆಯಬೇಡಿ. ಬೀಗವಿರುವ ಜಾಗದಲ್ಲಿ, ಬಿಸಿಲು-ಬೆಂಕಿಯಿಂದ ದೂರ ಇಟ್ಟು ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ.

ಪ್ರಶ್ನೆ: ನಾನೇ ಸಿಗರೇಟು ಸೇದುತ್ತೇನೆ. ಮಗಳಿಗೆ ವೇಪ್ ಬೇಡ ಎನ್ನಲು ನನಗೆ ಬಾಯಿ ಇದೆಯೇ?
— ಒಬ್ಬ ತಂದೆ

ಉತ್ತರ: ಇದೆ. "ನಿನ್ನ ವಯಸ್ಸಿನಲ್ಲಿ ಶುರು ಮಾಡಿದ್ದನ್ನು ಇವತ್ತಿಗೂ ಬಿಡಲಾಗುತ್ತಿಲ್ಲ" ಎಂಬ ಮಾತು ನಿಮ್ಮ ಬಾಯಿಂದ ಬಂದರೆ ಅದಕ್ಕೆ ತೂಕವಿದೆ. ಮೆದುಳು ಇಪ್ಪತ್ತೈದರ ಸುಮಾರಿನವರೆಗೆ ಬೆಳೆಯುತ್ತಲೇ ಇರುತ್ತದೆ, ಅಷ್ಟರೊಳಗೆ ನಿಕೋಟಿನ್‌ಗೆ ಅದು ಬೇಗ ಒಗ್ಗಿಕೊಳ್ಳುತ್ತದೆ ಎಂಬುದನ್ನೂ ಹೇಳಿ. ಮನೆಯೊಳಗೆ, ಗಾಡಿಯೊಳಗೆ ಸೇದುವುದನ್ನು ಇಂದೇ ನಿಲ್ಲಿಸಿ. ಸಾಧ್ಯವಾದರೆ ಬಿಡುವ ದಿನವನ್ನು ಮಗಳ ಎದುರಿಗೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ನಿಮ್ಮ ವಯಸ್ಸಿಗೆ ಗಮ್, ಪ್ಯಾಚ್ ಎರಡೂ ವೈದ್ಯರ ಸಲಹೆಯಂತೆ ಸಿಗುತ್ತವೆ. ಸಿಗರೇಟು ಬಿಡಲು ವೇಪ್ ಹಿಡಿಯುವ ಯೋಚನೆಯಿದ್ದರೆ ಬೇಡ. ಅದೇ ಮನೆಯಲ್ಲಿ, ಮಗಳ ಕೈಗೆಟುಕುವಲ್ಲಿ ಅದು ಇರುತ್ತದೆ.