ರಕ್ತಪರೀಕ್ಷೆಯಲ್ಲಿ ಸಿಗದ್ದು ದಿನದ ಪಟ್ಟಿಯಲ್ಲಿ ಸಿಗುತ್ತದೆ

ಪತ್ರ: ಮಗಳಿಗೆ 24 ವರ್ಷ. ಮುಟ್ಟಿಗೆ ಎಂಟು-ಹತ್ತು ದಿನ ಇದೆ ಎನ್ನುವಾಗ ಸಿಡಿಮಿಡಿ, ಅಳು, ‘ನನ್ನಿಂದ ಏನೂ ಆಗಲ್ಲ’ ಅನ್ನೋ ಮಾತು ಶುರು. ಮುಟ್ಟಾದ ಎರಡನೇ ದಿನಕ್ಕೆ ಸರಿಹೋಗುತ್ತಾಳೆ. ಹಾರ್ಮೋನ್ ಟೆಸ್ಟ್ ನಾರ್ಮಲ್. ಮದುವೆ ಮಾಡಿದರೆ ಸರಿಹೋಗುತ್ತೆ ಅಂತಾರೆ, ನಿಜವೇ?
– ಓದುಗರೊಬ್ಬರು, ಹಾಸನ

ಸಂಪಾದಕರ ಉತ್ತರ: ಮದುವೆಗೂ ಇದಕ್ಕೂ ಸಂಬಂಧವಿಲ್ಲ. ಬಸಿರಾದಾಗ ಅಂಡೋತ್ಪತ್ತಿ ನಿಲ್ಲುವುದರಿಂದ ಈ ತೊಂದರೆಯೂ ನಿಂತಿರುತ್ತದೆ. ಹೆರಿಗೆಯಾಗಿ ಮುಟ್ಟು ಮರಳಿದ ಮೇಲೆ ಸಾಮಾನ್ಯವಾಗಿ ಅದೂ ಮರಳುತ್ತದೆ. ನಂಬಿಕೆ ಹುಟ್ಟಿದ್ದು ಅಲ್ಲಿಂದಲೇ ಇರಬೇಕು.

ನೀವು ಬರೆದಿರುವುದು ಪಿಎಂಡಿಡಿ (ಪ್ರೀಮೆನ್‌ಸ್ಟ್ರುಯಲ್ ಡಿಸ್ಫೋರಿಕ್ ಡಿಸಾರ್ಡರ್) ಇರಬಹುದು. ಮುಟ್ಟಿನ ಮುಂಚೆ ಮೈಭಾರ, ಸ್ವಲ್ಪ ಕಿರಿಕಿರಿ ಬಹಳ ಹೆಂಗಸರಿಗೆ ಆಗುತ್ತದೆ, ಅದು ಪಿಎಂಎಸ್ (ಪ್ರೀಮೆನ್‌ಸ್ಟ್ರುಯಲ್ ಸಿಂಡ್ರೋಮ್). ಕೆಲಸ, ಓದು, ಮನೆಯವರ ಜತೆಗಿನ ಮಾತುಕತೆ ಕೆಡುವಷ್ಟು ಮನಸ್ಸು ಕುಸಿದರೆ ಪಿಎಂಡಿಡಿ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಇದನ್ನು ಖಿನ್ನತೆಯ ಕಾಯಿಲೆಗಳ ಸಾಲಿಗೆ ಸೇರಿಸಿತು. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲೂ ಇದೆ. ‘ಹೆಂಗಸರ ಮೂಡು’ ಎಂದು ನಗುವವರಿಗೆ ಇಷ್ಟು ಹೇಳಿದರೆ ಸಾಕು.

ಟೆಸ್ಟ್ ನಾರ್ಮಲ್ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಇವರಲ್ಲಿ ಹಾರ್ಮೋನಿನ ಮಟ್ಟ ಎಲ್ಲರಂತೆಯೇ ಇರುತ್ತದೆ, ಅದರ ಏರಿಳಿತಕ್ಕೆ ಮಿದುಳು ಸ್ಪಂದಿಸುವ ರೀತಿ ಬೇರೆ. ಥೈರಾಯ್ಡ್, ಹಿಮೋಗ್ಲೋಬಿನ್ ನೋಡಿಸಿ, ಬೇರೆ ಕಾರಣವಿದ್ದರೆ ಗೊತ್ತಾಗುತ್ತದೆ. ಪಿಎಂಡಿಡಿ ಹೌದೋ ಅಲ್ಲವೋ ಎಂದು ತಿಳಿಯಲು ಇರುವ ದಾರಿ ದಿನದಿನದ ಪಟ್ಟಿ ಒಂದೇ.

ರೂಲ್ ಹಾಳೆ ಸಾಕು. ರಕ್ತ ಕಂಡ ದಿನವೇ 1ನೇ ದಿನ. ಸಿಟ್ಟು, ಬೇಸರ, ಆತಂಕ, ಅಳು, ನಿದ್ದೆ, ಊಟ, ಸುಸ್ತು, ಗಮನ, ಮೈನೋವು, ಕೆಲಸಕ್ಕಾದ ಅಡ್ಡಿ – ಪ್ರತಿಯೊಂದಕ್ಕೂ ಮಗಳೇ ಮಲಗುವ ಮುಂಚೆ 1ರಿಂದ 6ರವರೆಗೆ ಅಂಕ ಹಾಕಲಿ. 1 ಎಂದರೆ ತೊಂದರೆ ಇಲ್ಲವೇ ಇಲ್ಲ, 6 ಎಂದರೆ ತಡೆಯಲಾರದಷ್ಟು. ‘22ನೇ ದಿನ: ಸಿಟ್ಟು 5, ಅಳು 4, ನಿದ್ದೆ 3, ಆಫೀಸಿಗೆ ರಜೆ’ ಎಂಬಷ್ಟು ಬರೆದರೆ ವೈದ್ಯರಿಗೆ ಸಾಕಷ್ಟು ತಿಳಿಯುತ್ತದೆ. ಕನಿಷ್ಠ ಎರಡು ಮುಟ್ಟಿನ ಚಕ್ರ ಬರೆಯಬೇಕು. ಪಟ್ಟಿ ಕೆಡುವುದು ಎರಡು ಕಡೆ: ವಾರದ್ದೆಲ್ಲ ಭಾನುವಾರ ಕೂತು ತುಂಬಿದಾಗ, ಕೆಟ್ಟ ದಿನಗಳನ್ನು ಮಾತ್ರ ಬರೆದಾಗ. ಚೆನ್ನಾಗಿದ್ದ ದಿನದ ಅಂಕವೇ ಇಲ್ಲಿ ಮುಖ್ಯ. ಮುಟ್ಟು ಮುಗಿದ ವಾರದಲ್ಲಿ ಅಂಕಗಳು 1-2ಕ್ಕೆ ಇಳಿದರೆ ಪಿಎಂಡಿಡಿಯ ಅನುಮಾನ ಗಟ್ಟಿ. ಆ ವಾರವೂ 3-4ರಲ್ಲೇ ನಿಂತಿದ್ದರೆ, ಮೊದಲೇ ಇರುವ ಖಿನ್ನತೆಯೋ ಆತಂಕವೋ ಮುಟ್ಟಿನ ಮುಂಚೆ ಹೆಚ್ಚಾಗುತ್ತಿರಬಹುದು. ಅದರ ಚಿಕಿತ್ಸೆಯ ದಾರಿ ಬೇರೆ.

ಔಷಧದ ಹೆಸರು ಕೇಳಿ ಹೆದರಬೇಡಿ. ಫ್ಲುವಾಕ್ಸೆಟಿನ್, ಸರ್ಟ್ರಲಿನ್‌ನಂಥ ಮಾತ್ರೆಗಳು ಸಾಮಾನ್ಯ ಖಿನ್ನತೆಯಲ್ಲಿ ಕೆಲಸ ಮಾಡಲು ವಾರಗಟ್ಟಲೆ ಬೇಕು, ಇಲ್ಲಿ ಕೆಲವೇ ದಿನ. ಹಾಗಾಗಿ ಕೆಲವರಿಗೆ ಮುಟ್ಟಿಗೆ ಹದಿನಾಲ್ಕು ದಿನ ಮೊದಲು ಶುರುಮಾಡಿ, ಮುಟ್ಟಾದಾಗ ನಿಲ್ಲಿಸುವಂತೆ ಮನೋವೈದ್ಯರು ಬರೆದುಕೊಡುತ್ತಾರೆ. ಮನೆಯಲ್ಲಿ ಯಾರಿಗಾದರೂ ಬೈಪೋಲಾರ್ (ಉನ್ಮಾದವೂ ಖಿನ್ನತೆಯೂ ಬಂದುಹೋಗುವ ಕಾಯಿಲೆ) ಇದ್ದರೆ ಮೊದಲೇ ಹೇಳಿ, ಈ ಮಾತ್ರೆಯಿಂದ ಉನ್ಮಾದ ಕೆರಳಬಹುದು. ಡ್ರೋಸ್ಪಿರೆನೋನ್ ಎಂಬ ಹಾರ್ಮೋನ್ ಇರುವ ಗರ್ಭನಿರೋಧಕ ಮಾತ್ರೆಯೂ ಕೆಲವರಿಗೆ ಒಗ್ಗುತ್ತದೆ. ಕಣ್ಣು ಮಂಜಾಗಿ ಬರುವ ಮೈಗ್ರೇನ್ ಇದ್ದರೆ, ರಕ್ತ ಹೆಪ್ಪುಗಟ್ಟಿದ್ದ ಇತಿಹಾಸವಿದ್ದರೆ ಅದು ಬೇಡ.

ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂನಿಂದ ಪಿಎಂಎಸ್ ತಗ್ಗಿದ್ದು ಕಂಡುಬಂದಿದೆ. ನಮ್ಮ ರಾಗಿಯ 100 ಗ್ರಾಂನಲ್ಲೇ ಸುಮಾರು 350 ಮಿಲಿಗ್ರಾಂ ಇದೆ. ಆದರೆ ಪಿಎಂಡಿಡಿಗೆ ಮುದ್ದೆಯೊಂದೇ ಮದ್ದಲ್ಲ. ಕಬ್ಬಿಣಾಂಶದ ಮಾತ್ರೆ ನುಂಗುತ್ತಿದ್ದರೆ ಕ್ಯಾಲ್ಸಿಯಂ ಮಾತ್ರೆಯನ್ನು ಬೇರೆ ಹೊತ್ತಿಗೆ ಕೊಡಿ, ಎರಡೂ ಒಟ್ಟಿಗೆ ಹೋದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ.

‘ಸಾಯಬೇಕು’ ಎಂಬ ಮಾತು ಒಮ್ಮೆ ಬಂದರೂ ಎರಡು ತಿಂಗಳ ಪಟ್ಟಿಗೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಆ ದಿನವೇ ಆಸ್ಪತ್ರೆಗೂ ಹೊರಡಿ.

ಮುಂದಿನ ಸಂಚಿಕೆಯಲ್ಲಿ ಖಾಲಿ ಪಟ್ಟಿಯೊಂದನ್ನು ಪೂರ್ತಿ ಪುಟಕ್ಕೆ ಅಚ್ಚು ಹಾಕುತ್ತೇವೆ. ಜೆರಾಕ್ಸ್ ಮಾಡಿಸಿಕೊಳ್ಳಿ, ಬೇಕಾದವರಿಗೆ ಕೊಡಿ.